ಚೌಬಾರಾ ಹತ್ತಿರದ ಬಿದ್ರಿ ಅಂಗಡಿ: ಸಾಮಾನಿಗೆ ಐದಕ್ಕೆ ಐದು, ದಾರಿಗೆ ಎರಡು

ತಂಗಿ ಮದುವೆಗೆ ಒಂದು ಬಿದ್ರಿ ಹೂದಾನಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರ್‌ನ ಹೂದಾನಿ, ಕೊಡಬೇಕಿತ್ತು. ಆನ್‌ಲೈನ್‌ನಲ್ಲಿ ತರಿಸಬಹುದಿತ್ತು, ಆದರೂ ಅಮ್ಮನನ್ನು ಕರೆದುಕೊಂಡು ಕಲಬುರಗಿಯಿಂದ ಬೀದರ್‌ಗೇ ಹೋದೆ. ಹಳೇ ಊರಿನ ಗೋಪುರ ಚೌಬಾರಾದಿಂದ ಸ್ವಲ್ಪ ಒಳಗಿರುವ ಸಣ್ಣ ಅಂಗಡಿ ಅದು.

ಮುಂದೆ ಅಂಗಡಿ, ಹಿಂದೆ ಕಾರ್ಖಾನೆ, ಮೇಲೆ ಮನೆ. ಅಂಗಡಿಯ ಚಾಚಾ ನೆಲದ ಮೇಲೆ ಕೂತು ಉಳಿಯಿಂದ ಬಳ್ಳಿ ಕೆತ್ತುತ್ತಿದ್ದರು. ಪಕ್ಕದ ಹುಡುಗ ಆ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಿದ್ದ. ಸತು, ತಾಮ್ರ ಸೇರಿಸಿದ ಎರಕ ಇದು. ಕೊನೆಯಲ್ಲಿ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಉಪ್ಪು ಕಲಸಿದ ನೀರು ತಾಗಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಚೌಕಾಸಿ ಮಾಡಲು ನನಗೆ ಮನಸ್ಸೇ ಬರಲಿಲ್ಲ.

ಬೇಜಾರಾಗಿದ್ದು ದಾರಿಯ ವಿಷಯಕ್ಕೆ. ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಎರಡು ಸುತ್ತು ಹೊಡೆದೆ, ಮೊಣಕಾಲು ನೋವಿರುವ ಅಮ್ಮ ಬೈಕುಗಳ ನಡುವೆ ನುಸುಳಿಕೊಂಡು ನಡೆಯಬೇಕಾಯಿತು. ಗಲ್ಲಿ ಬಾಯಲ್ಲಿ ಒಂದು ಬೋರ್ಡ್ ಕೂಡ ಕಾಣಲಿಲ್ಲ. ಕೋಟೆ, ಮಹಮೂದ್ ಗಾವಾನ್ ಮದರಸಾ ನೋಡಲು ಬಂದವರಿಗೆ ಇಷ್ಟು ಹತ್ತಿರ ಇಂಥ ಕೆಲಸ ನಡೆಯುತ್ತಿದೆ ಅಂತ ಗೊತ್ತಾಗುವುದಾದರೂ ಹೇಗೆ?

ರಸ್ತೆ ಅಗಲ ಮಾಡಿದರೆ ಸರಿಹೋಗುತ್ತದೆ ಅಂದೆ. ಚಾಚಾ ಕೈ ನಿಲ್ಲಿಸಿದರು. "ಹತ್ತು ಅಡಿ ಹೋದ್ರ ಅಂಗಡೀನೇ ಹೋಗ್ತದ್ರಿ, ಇರೋದೇ ಅಷ್ಟು." ನನಗೆ ನಾಚಿಕೆಯಾಯಿತು. ಊರಿನ ಪ್ಲಾನ್ ನಕ್ಷೆಯಲ್ಲಿ ಮನೆಗೆ ಒಂದು ಬಣ್ಣ, ಅಂಗಡಿಗೆ ಒಂದು, ಕಾರ್ಖಾನೆಗೆ ಇನ್ನೊಂದು ಇರುತ್ತದೆ. ಇಲ್ಲಿ ಮೂರೂ ಒಂದೇ ಸೂರಿನಡಿ ಇವೆ, ವ್ಯಾಪಾರ ನಡೆಯುತ್ತಿರುವುದೂ ಅದರಿಂದಲೇ. ಕೆಲಸವನ್ನು ಊರಾಚೆ ಕಳಿಸಿಬಿಟ್ಟರೆ ನನ್ನಂಥ ಗಿರಾಕಿ ಇಲ್ಲಿ ಬಂದು ನೋಡುವುದೇನು? ಬಿದ್ರಿಗೆ 2006ರಲ್ಲೇ ಜಿಐ, ಅಂದರೆ ಈ ಊರಿನ ಹೆಸರಿನ ಕಲೆ ಎಂಬ ಕಾನೂನು ಗುರುತು, ಸಿಕ್ಕಿದೆ, ಸಂತೋಷ. ಈಗ ಊರಿನ ಆಡಳಿತದವರು ಈ ಗಲ್ಲಿಯನ್ನು ಒಡೆಯದೆ, ನಾಲ್ಕು ಹೆಜ್ಜೆ ದೂರದಲ್ಲಿ ಪಾರ್ಕಿಂಗ್, ನಡೆಯಲು ಸರಿಯಾದ ಕಲ್ಲುಹಾಸು, ಒಳ್ಳೆಯ ಚರಂಡಿ, ದೀಪ, ಒಂದು ಶೌಚಾಲಯ ಮಾಡಿಕೊಡಲಿ. ಸಣ್ಣ ಅಂಗಡಿಯವರು ಇದನ್ನೆಲ್ಲ ಸ್ವಂತ ದುಡ್ಡಲ್ಲಿ ಮಾಡಿಸಲು ಆಗುವುದಿಲ್ಲ, ಅಲ್ವಾ?

ಅಂಗಡಿಯವರಿಗೂ ಒಂದು ಮಾತು: ಪ್ಯಾಕಿಂಗ್ ಸಾಲದು. ಬರೀ ಪೇಪರ್ ಸುತ್ತಿ ಕೊಟ್ಟರು, ದಾರಿಯುದ್ದಕ್ಕೂ ಅಮ್ಮ ಮಡಿಲಲ್ಲೇ ಇಟ್ಟುಕೊಂಡು ಬಂದರು.

ಹೋಗುವವರು ಕಾರು ಬಿಟ್ಟು ಆಟೋದಲ್ಲಿ ಹೋಗಿ, ಕೆಲಸ ನೋಡಲು ಒಂದು ಗಂಟೆ ಇಟ್ಟುಕೊಳ್ಳಿ. ಕಪ್ಪು ಮಸುಕಾದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ ಅಂತ ಚಾಚಾ ಹೇಳಿಕೊಟ್ಟರು.