ಕ್ವೆರಿ ಪಠ್ಯದ ಸಾಮಾನ್ಯೀಕರಣ: ಪೋಸ್ಟ್‌ಗ್ರೆಸ್ಸೋ, ಮೈಎಸ್‌ಕ್ಯೂಎಲ್ಲೋ?

ಬದಿಯಡ್ಕದ ಅಡಿಕೆ ಖರೀದಿ ಅಂಗಡಿಯೊಂದರ ಲೆಕ್ಕದ ತಂತ್ರಾಂಶದಲ್ಲಿ ‘ಸದಸ್ಯ = 417’, ‘ಸದಸ್ಯ = 902’ ಎಂದು ಬರುವ ಕ್ವೆರಿಗಳನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ಬೇರೆಬೇರೆಯಾಗಿ ಎಣಿಸಿದರೆ ಸಮಯ ತಿನ್ನುತ್ತಿರುವುದು ಯಾವುದೆಂದು ತಿಳಿಯುವುದಿಲ್ಲ; ಆದ್ದರಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಕ್ವೆರಿಗಳ ಲೆಕ್ಕವಿಡುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಆ ಸಂಖ್ಯೆಯ ಜಾಗದಲ್ಲಿ $1 ಎಂದೂ, ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡೈಜೆಸ್ಟ್ (ಕ್ವೆರಿಯ ಸಾರರೂಪ) ಪ್ರಶ್ನಾರ್ಥಕ ಚಿಹ್ನೆಯನ್ನೂ ಇಟ್ಟು, ಎರಡನ್ನೂ ಒಂದೇ ಸಾಲಿಗೆ ಸೇರಿಸುತ್ತವೆ. ಇದೇ ಸಾಮಾನ್ಯೀಕರಣ.

ವ್ಯತ್ಯಾಸವಿರುವುದು ಯಾವ ಕ್ವೆರಿಗಳು ಒಂದೇ ಎಂದು ನಿರ್ಧರಿಸುವ ಆಧಾರದಲ್ಲಿ. ಮೈಎಸ್‌ಕ್ಯೂಎಲ್ ಪಠ್ಯದ ಪದಗಳನ್ನು ನೋಡುತ್ತದೆ. ಪೋಸ್ಟ್‌ಗ್ರೆಸ್ ವಿಶ್ಲೇಷಣೆಯಾದ ನಂತರದ ರಚನೆಯನ್ನು ನೋಡುವುದರಿಂದ, 17ನೇ ಆವೃತ್ತಿಯವರೆಗೆ, ಟೇಬಲನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೆ ಹಳೆಯ ಕ್ವೆರಿಗೂ ಹೊಸ ಗುರುತು, ಅಂದರೆ ಬೇರೆ ಸಾಲು, ಸಿಗುತ್ತಿತ್ತು. ಹತ್ತು ಸದಸ್ಯರ ‘ಇನ್’ ಪಟ್ಟಿ (ಇವುಗಳಲ್ಲಿ ಯಾವುದಾದರೊಂದು ಎಂದು ಕೇಳುವ ಪಟ್ಟಿ) ಮತ್ತು ಹನ್ನೊಂದು ಸದಸ್ಯರ ಪಟ್ಟಿ ಎರಡು ಸಾಲುಗಳಾಗುತ್ತಿದ್ದ ಕಿರಿಕಿರಿಯೂ ಅಲ್ಲಿಯವರೆಗಿನದೇ; 18ರಲ್ಲಿ ಸ್ಥಿರ ಮೌಲ್ಯಗಳ ಪಟ್ಟಿ ಒಂದಾಗುತ್ತದೆ. ಮೈಎಸ್‌ಕ್ಯೂಎಲ್ ಇದನ್ನು ಮೊದಲೇ ಮೂರು ಚುಕ್ಕಿಗಳಿಗೆ ಇಳಿಸಿತ್ತು.

ಆದರೆ ಮೈಎಸ್‌ಕ್ಯೂಎಲ್‌ನಲ್ಲಿ ಡೈಜೆಸ್ಟ್‌ನ ಮಿತಿ, ನಾವು ಬದಲಿಸದಿದ್ದರೆ, 1024 ಬೈಟ್. ವರ್ಷಾಂತ್ಯದ ಉದ್ದನೆಯ ವರದಿಗಳು ಅದರಾಚೆ ಮಾತ್ರ ಭಿನ್ನವಾಗಿದ್ದರೆ ಒಂದೇ ಆಗಿ ಕಾಣುತ್ತವೆ. ಸಾಲುಗಳನ್ನಿಡುವ ಜಾಗ ತುಂಬಿದಾಗ ಮೈಎಸ್‌ಕ್ಯೂಎಲ್ ಹೊಸ ಕ್ವೆರಿಗಳನ್ನೆಲ್ಲ ಹೆಸರಿಲ್ಲದ ಒಂದೇ ಸಾಲಿಗೆ ಸುರಿಯುತ್ತದೆ; ಪೋಸ್ಟ್‌ಗ್ರೆಸ್ 5000 ಸಾಲುಗಳ ಮೂಲ ಮಿತಿ ದಾಟಿದರೆ ಕಡಿಮೆ ಓಡಿದವನ್ನು ಕೈಬಿಡುತ್ತದೆ. ಇದೊಂದಕ್ಕಾಗಿ ಯಾರೂ ಡೇಟಾಬೇಸ್ ಬದಲಿಸಬೇಕಾಗಿಲ್ಲ. ಹೊಸದಾಗಿ ಆರಿಸುವವರಿಗೆ ಮಾತ್ರ ನಾನು 18ನೇ ಆವೃತ್ತಿಯ ಪೋಸ್ಟ್‌ಗ್ರೆಸ್ಸನ್ನೇ ಸೂಚಿಸುತ್ತೇನೆ.