ಡಾರ್ಟ್ಸ್ ಕಲಿಯೋಕೆ ಯಾವ ಬೋರ್ಡು?

ಧಾರವಾಡದಲ್ಲಿ ಬಾಡಿಗೆ ರೂಮು, ಡಾರ್ಟ್ಸ್ (ಗೋಡೆಯ ದುಂಡು ಬೋರ್ಡಿಗೆ ಸಣ್ಣ ಬಾಣ ಎಸೆಯುವ ಆಟ) ಹೊಸದು, ಯಾವ ಬೋರ್ಡು ತಗೊಳ್ಳಲಿ ಅಂತ ಕೇಳಿದ್ದೀರಿ.

ರೊಕ್ಕ ನೋಡಿದರೆ ಮ್ಯಾಗ್ನೆಟ್ ಬೋರ್ಡೇ ಅಗ್ಗ. ಮಕ್ಕಳಿರುವ ಮನೆಗೂ ಅದೇ ಲೇಸು. ಆದರೆ ಅದರ ಡಾರ್ಟ್ ಹಗುರ, ಎಸೆಯುವ ಕೈ ಪಳಗುವುದಿಲ್ಲ.

ಬಾಳಿಕೆಗೆ ಸೈಸಲ್ (ಕತ್ತಾಳೆ ಜಾತಿಯ ಗಿಡ) ನಾರಿನ ಬೋರ್ಡು. ಡಾರ್ಟಿನ ಉಕ್ಕಿನ ಮೊನೆ ಕಿತ್ತ ಮೇಲೆ ನಾರು ತಾನೇ ಕೂಡಿಕೊಳ್ಳುತ್ತದೆ. ಅಂಕಿಯ ಬಳೆ ಬಿಚ್ಚಿ ಬೋರ್ಡನ್ನು ಆಗಾಗ ತಿರುಗಿಸುತ್ತಿದ್ದರೆ ಹೆಚ್ಚು ಗುರಿಯಿಡುವ 20ರ ಮನೆಯೊಂದೇ ಸವೆಯದು. ನೀರು ಮಾತ್ರ ಸೋಕಬಾರದು. ಇಲ್ಲಿಯ ಮಳೆಗಾಲದಲ್ಲಿ ತಂಪು ಹಿಡಿದ ಗೋಡೆಗೆ ತೂಗುಹಾಕಬೇಡಿ.

ಎಲೆಕ್ಟ್ರಾನಿಕ್ ಬೋರ್ಡು ಲೆಕ್ಕ ತಾನೇ ಇಡುತ್ತದೆ, ಗೆಳೆಯರು ಕೂಡಿದಾಗ ಜಗಳವಿಲ್ಲ. ಅದರ ಡಾರ್ಟಿನ ಪ್ಲಾಸ್ಟಿಕ್ ಮೊನೆಗಳು ಮುರಿಯುತ್ತಲೇ ಇರುತ್ತವೆ, ಬಿಡಿ ಮೊನೆ ಇಟ್ಟುಕೊಳ್ಳಿ. ನನಗಂತೂ 501ರಿಂದ ಹೊಡೆದ ಅಂಕಗಳನ್ನು ಬಾಯಿಲೆಕ್ಕದಲ್ಲೇ ಕಳೆಯುತ್ತ ಬಂದು, ಕೊನೆಗೆ ಡಬಲ್ (ಅಂಕ ಇಮ್ಮಡಿಯಾಗುವ ಅಂಚಿನ ಕಿರುಪಟ್ಟಿ) ಹೊಡೆದು ಮುಗಿಸುವುದರಲ್ಲೇ ಅರ್ಧ ಮಜಾ.

ಜಾಗ ಅಳೆದುಕೊಳ್ಳಿ: ಬೋರ್ಡಿನ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರ. ನಿಲ್ಲುವ ಗೆರೆ ಉಕ್ಕಿನ ಮೊನೆಗೆ 2.37, ಪ್ಲಾಸ್ಟಿಕ್ ಮೊನೆಗೆ 2.44 ಮೀಟರ್ ದೂರ.

ದಿನಾ ಒಬ್ಬರೇ ಅಭ್ಯಾಸ ಮಾಡುವವರಾದರೆ ಸೈಸಲ್. ವಾರಕ್ಕೊಮ್ಮೆ ಗುಂಪಿನ ಆಟವಾದರೆ ಎಲೆಕ್ಟ್ರಾನಿಕ್. ಸೈಸಲ್ ತಂದರೆ ಹಿಂದೆ ಅಗಲವಾದ ಪ್ಲೈವುಡ್ ಹಲಗೆ ಹೊಡೆಸಿರಿ. ಗುರಿ ತಪ್ಪಿದ ಡಾರ್ಟ್‌ಗೆ ಮನೆ ಮಾಲಕರ ಗೋಡೆ ಅಂತ ಗೊತ್ತಿರೋದಿಲ್ಲ.