ಆರ್‌ವಿಯಲ್ಲಿ ಕಾಕ್‌ಟೇಲ್‌ಗೆ ಐಸ್: ಎಲ್ಲಾ ನೋಡಿ ಕೊನೆಗೆ ಪೆಟ್ಟಿಗೆ ಫ್ರೀಜರ್‌ಗೆ ಬಂದೆವು

ನೇರವಾಗಿ ಹೇಳಿಬಿಡುತ್ತೇನೆ. ಆರ್‌ವಿಯಲ್ಲಿ (ಮಲಗಲು, ಅಡುಗೆ ಮಾಡಲು ಜಾಗ ಇರುವ ಮನೆಯಂಥ ಗಾಡಿ) ಸುತ್ತಾಡಿಕೊಂಡು ಸಂಜೆ ಒಂದೊಂದು ಗ್ಲಾಸ್ ಕಾಕ್‌ಟೇಲ್ ಮಾಡಿಕೊಳ್ಳುವವರು ನೀವಾದರೆ, ಟೇಬಲ್ ಮೇಲಿಡುವ ಐಸ್ ಮೆಷಿನ್ ತಗೋಬೇಡಿ. ಇನ್ನೊಂದಿಷ್ಟು ದುಡ್ಡು ಸೇರಿಸಿ ಗಾಡಿಯ ಬ್ಯಾಟರಿಯಲ್ಲೇ ಓಡುವ 12 ವೋಲ್ಟ್‌ನ ಪೆಟ್ಟಿಗೆ ಫ್ರೀಜರ್ ತಗೊಳ್ಳಿ. ನಾವು ಮೊದಲು 120 ಡಾಲರ್ ಕೊಟ್ಟು ಮೆಷಿನ್ ತಂದೆವು, ಆರೇ ತಿಂಗಳಿಗೆ 310 ಡಾಲರ್ ಕೊಟ್ಟು ಪೆಟ್ಟಿಗೆ ತಂದೆವು. ಎರಡು ಸಲ ಖರ್ಚು ಮಾಡುವ ಅಗತ್ಯ ಬೇರೆಯವರಿಗೆ ಬರದಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಪುತ್ತೂರಿನವಳು, ನಮ್ಮವರು ಮೈಸೂರು ಕಡೆಯವರು, ಈಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ. 24 ಅಡಿಯ ಹಳೆಯ ಆರ್‌ವಿ ಇದೆ. ರಜೆ ಸಿಕ್ಕಿದರೆ 395ನೇ ಹೆದ್ದಾರಿ ಹಿಡಿಯುತ್ತೇವೆ. ಅವರದ್ದು ಓಲ್ಡ್ ಫ್ಯಾಷನ್ಡ್ ಅನ್ನುವ ವಿಸ್ಕಿ ಕಾಕ್‌ಟೇಲ್: 60 ಎಂಎಲ್ ಅಮೃತ್ ಫ್ಯೂಷನ್, ಸಕ್ಕರೆ ಬದಲು ಒಂದು ಚಮಚ ಬೆಲ್ಲದ ಪಾಕ, ಎರಡು ಹನಿ ಬಿಟರ್ಸ್ ಅನ್ನುವ ಕಹಿ ಸಾರ. ಬೆಂಗಳೂರಿನ ಆ ವಿಸ್ಕಿಯಲ್ಲಿ ನಮ್ಮ ಕಡೆಯ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿಯೂ ಇದೆ. ಬೆಲ್ಲಕ್ಕೂ ಆ ಹೊಗೆಗೂ ಎಷ್ಟು ಹೊಂದುತ್ತದೆ ಅಂದರೆ ನಾವು ಸಕ್ಕರೆ ಪಾಕ ಮಾಡುವುದನ್ನೇ ಬಿಟ್ಟಿದ್ದೇವೆ. ನನ್ನದು 60 ಎಂಎಲ್ ಜಿನ್, 20 ಎಂಎಲ್ ಲಿಂಬೆರಸ, ಊರಿಂದ ತಂದ ಪುನರ್ಪುಳಿಯ (ಕೋಕಂ) ಪಾಕ, ಶೇಕರ್‌ನಲ್ಲಿ ಚೆನ್ನಾಗಿ ಕುಲುಕಿದ್ದು. ಇಂಜಿನ್ ಆರಿಸಿ, ಕೀ ಡ್ರಾಯರ್ ಸೇರಿದ ಮೇಲೆಯೇ ಬಾಟಲಿ ಹೊರಗೆ ಬರುವುದು. ಬೆಳಿಗ್ಗೆ ಹೊರಡುವುದಿದ್ದರೆ ಒಂದೇ ಗ್ಲಾಸ್.

ಬಾಟಲಿ, ಲಿಂಬೆ ಎಲ್ಲಿ ಬೇಕಾದರೂ ಸಿಗುತ್ತದೆ. ಕಷ್ಟ ಇರುವುದು ಐಸ್‌ನಲ್ಲಿ.

ಆರ್‌ವಿ ಜೊತೆಗೇ ಬಂದ ಫ್ರಿಜ್ ನಮ್ಮದು ಗ್ಯಾಸ್‌ನಲ್ಲೂ ಓಡುತ್ತದೆ. ಇದರಲ್ಲಿ ಕಂಪ್ರೆಸರ್ ಇರುವುದಿಲ್ಲ. ಸಣ್ಣ ಉರಿ ಅಮೋನಿಯಾ ಬೆರೆತ ನೀರನ್ನು ಕುದಿಸುತ್ತದೆ, ಅಮೋನಿಯಾ ಮೇಲೇರಿ ತಂಪು ಮಾಡಿ ಮತ್ತೆ ಕೆಳಗೆ ಹರಿದು ಬರುತ್ತದೆ. ಪಂಪ್ ಇಲ್ಲ, ತನ್ನ ಪಾಡಿಗೆ ಹರಿಯಬೇಕು. ಅದಕ್ಕೇ ಗಾಡಿ ಸಮವಾಗಿ ನಿಂತಿರಬೇಕು. ನಮ್ಮ ಫ್ರಿಜ್‌ನ ಪುಸ್ತಕದ ಪ್ರಕಾರ ಪಕ್ಕಕ್ಕೆ 3 ಡಿಗ್ರಿ, ಹಿಂದೆ ಮುಂದೆ 6 ಡಿಗ್ರಿಗಿಂತ ಜಾಸ್ತಿ ವಾಲಬಾರದು. ಹಾಗೆ ವಾಲಿಸಿ ಗಂಟೆಗಟ್ಟಲೆ ಓಡಿಸಿದರೆ ಒಳಗಿನ ಕೊಳವೆ ಕೆಟ್ಟುಹೋಗಬಹುದು, ಆಮೇಲೆ ರಿಪೇರಿ ಅಂದರೆ ದೊಡ್ಡ ಖರ್ಚು. 5,500 ಅಡಿ ದಾಟಿದರೆ ಗ್ಯಾಸ್ ಉರಿ ಸರಿಯಾಗಿ ನಿಲ್ಲದಿರಬಹುದು ಅಂತಲೂ ಬರೆದಿದ್ದಾರೆ, ನಮಗೆ ಅದಕ್ಕಿಂತ ಎತ್ತರದ ಜೂನ್ ಲೇಕ್‌ನಲ್ಲಿ ಎರಡು ಸಲ ಆರಿಹೋಯಿತು. ಹಾಲು ಮೊಸರಿಗೆ ಈ ಫ್ರಿಜ್ ಸಾಕು. ಐಸ್ ಟ್ರೇ ರಾತ್ರಿ ಇಟ್ಟರೆ ಮರುದಿನ ಮಧ್ಯಾಹ್ನಕ್ಕೆ ಗಟ್ಟಿಯಾದರೆ ಆಯಿತು.

ಅಂಗಡಿಯ ಹತ್ತು ಪೌಂಡ್ ಐಸ್ ಚೀಲ ಕುಲುಕುವುದಕ್ಕೆ ಪರವಾಗಿಲ್ಲ. ಎರಡನೇ ದಿನಕ್ಕೆ ಅರ್ಧ ನೀರು.

ಇನ್ನು ಮೆಷಿನ್. ಎಂಟು ನಿಮಿಷಕ್ಕೆ ಒಂಬತ್ತು ಐಸ್ ತುಂಡು ಅಂದಾಗ ಇಬ್ಬರಿಗೂ ಖುಷಿಯಾಗಿತ್ತು. ಮನೆಯಲ್ಲಿ ನೋಡಿದಾಗ ಹಾಗೇ ಕೊಟ್ಟಿತು. ಮೊದಲ ಟ್ರಿಪ್‌ಗೆ ಹೋಗಿದ್ದು ಲೋನ್ ಪೈನ್ ಪಕ್ಕದ ಅಲಬಾಮಾ ಹಿಲ್ಸ್‌ಗೆ, ಎದುರಿಗೇ 14,505 ಅಡಿಯ ವಿಟ್ನಿ ಬೆಟ್ಟ. ಅಲ್ಲಿ ಸಿಮೆಂಟ್ ಹಾಕಿದ ಜಾಗ ಇಲ್ಲ, ಮಣ್ಣು ನೆಲ, ಗಾಡಿ ಒಂಚೂರು ವಾಲಿ ನಿಂತಿತ್ತು. ಜನರೇಟರ್ ಹಾಕಿ ಮೆಷಿನ್ ಶುರು ಮಾಡಿದೆ. ಐದು ನಿಮಿಷಕ್ಕೆ ನೀರು ಖಾಲಿ ಅಂತ ಕೆಂಪು ದೀಪ.

"ರೀ, ಈಗ ತಾನೇ ತುಂಬಿದೀನಿ, ಖಾಲಿ ಅಂತಿದೆಯಲ್ಲ?"

"ಇನ್ನೊಂದು ಲೋಟ ಹಾಕಿ ನೋಡು."

ಹಾಕಿದೆ. ತುಳುಕಿತು, ದೀಪ ಹಾಗೇ ಇತ್ತು. ಆಮೇಲೆ ಗೊತ್ತಾಯಿತು, ಮೆಷಿನ್ ವಾಲಿದ್ದಕ್ಕೆ ನೀರೆಲ್ಲ ಒಂದು ಮೂಲೆಗೆ ಸೇರಿ ಪಂಪ್ ಬರೀ ಗಾಳಿ ಎಳೆಯುತ್ತಿತ್ತು. ಅವರು ಟೂಲ್ ಬಾಕ್ಸ್‌ನಿಂದ ರಸಮಟ್ಟ ತಂದು ಮೆಷಿನ್ ಮೇಲಿಟ್ಟರು, ಗುಳ್ಳೆ ಪೂರ್ತಿ ಎಡಕ್ಕೆ ಹೋಗಿ ನಿಂತಿತು. ಕೆಳಗೆ ಎರಡು ಪುಸ್ತಕ, ಒಂದು ಮಡಚಿದ ಟವೆಲ್ ಕೊಟ್ಟು ಸರಿ ಮಾಡುವಷ್ಟರಲ್ಲಿ ಸೂರ್ಯ ಬೆಟ್ಟದ ಹಿಂದೆ ಇಳಿದುಹೋಗಿದ್ದ. ನಾವು ಅಲ್ಲಿಗೆ ಹೋಗಿದ್ದೇ ಅದನ್ನು ನೋಡುತ್ತಾ ಕೂರೋಣ ಅಂತ.

ಮರುದಿನ ಇನ್ನೂ ಬೇಜಾರಾಯಿತು. ಹೊರಡುವ ಮೊದಲು ಈ ಮೆಷಿನ್‌ನ ಅಡಿಯ ಬಿರಡೆ ತೆಗೆದು ನೀರು ಬಸಿಯಬೇಕು. ಸಿಂಕ್ ಮೇಲೆ ಎತ್ತಿ ಹಿಡಿದು, ಆ ಕಡೆ ಈ ಕಡೆ ಬಗ್ಗಿಸಿ, ಪೂರ್ತಿ ಬಸಿದಿದ್ದೇನೆ ಅಂದುಕೊಂಡೆ. ಆದರೆ ಒಳಗೆ ಎಲ್ಲೋ ಇನ್ನೊಂದು ಕಪ್ ನೀರು ಉಳಿದಿತ್ತು. ಬಿಷಪ್ ಊರು ದಾಟಿ ಶೆರ್ವಿನ್ ಗ್ರೇಡ್ ಅನ್ನುವ ಏರು ಶುರುವಾದಾಗ ಅದು ಹಿಂದಕ್ಕೆ ಹರಿದು ಕೆಳಗಿನ ಡ್ರಾಯರ್‌ಗೆ ಇಳಿಯಿತು. ಆ ಡ್ರಾಯರ್‌ನಲ್ಲಿ ಅಮ್ಮ ಮಾಡಿ ಕಳಿಸಿದ್ದ ಹಲಸಿನ ಹಪ್ಪಳ ಇತ್ತು. ಒಂದು ಕಟ್ಟು ಪೂರ್ತಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತು. ನನಗೆ ಅಳು ಬಂದಿತ್ತು.

ಇಷ್ಟೆಲ್ಲ ಆದರೂ ಐಸ್ ಒಳ್ಳೆಯದಿದ್ದರೆ ಸಹಿಸಿಕೊಳ್ಳಬಹುದಿತ್ತು. ಈ ಮೆಷಿನ್‌ನಲ್ಲಿ ತಣ್ಣನೆಯ ಲೋಹದ ಕಡ್ಡಿಗಳು ನೀರಿನಲ್ಲಿ ಮುಳುಗುತ್ತವೆ, ಅವುಗಳ ಸುತ್ತ ಐಸ್ ಕಟ್ಟುತ್ತದೆ. ಹಾಗಾಗಿ ತುಂಡು ಒಳಗೆ ಟೊಳ್ಳು. ಬೀಳುವ ಬುಟ್ಟಿ ತಂಪಾಗಿರುವುದಿಲ್ಲ, ಅಲ್ಲೇ ಕರಗಲು ಶುರು. ಮೈಯೆಲ್ಲ ಒದ್ದೆ ಇರುವ ಐಸ್ ಶೇಕರ್‌ಗೆ ಹಾಕಿದರೆ ಡ್ರಿಂಕ್ ತಣ್ಣಗಾಗುವ ಮೊದಲೇ ನೀರಾಗುತ್ತದೆ. ಪುನರ್ಪುಳಿಯ ಬಣ್ಣ ಕೆಂಪು ಹೋಗಿ ತೆಳು ಗುಲಾಬಿ ಆಗಿದ್ದು ಕಣ್ಣಿಗೇ ಕಾಣುತ್ತಿತ್ತು. ಅವರ ಓಲ್ಡ್ ಫ್ಯಾಷನ್ಡ್ ಅಂತೂ ಕಾಲು ಗಂಟೆಯಲ್ಲಿ ಸಪ್ಪೆ.

ಕರೆಂಟ್ ವಿಷಯವೂ ಇದೆ. ಮೆಷಿನ್‌ಗೆ 120 ವೋಲ್ಟ್ ಬೇಕು, ನಮ್ಮಲ್ಲಿ ಆಗ ಇನ್ವರ್ಟರ್ ಇರಲಿಲ್ಲ. ಯೊಸೆಮಿಟಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜನರೇಟರ್ ಹಾಕಲು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಇಷ್ಟೇ ಹೊತ್ತು. ಆ ನಿಯಮ ನನಗೆ ಪೂರ್ತಿ ಒಪ್ಪಿಗೆ. ಕಾಡಿನ ನಡುವೆ ಪಕ್ಕದವರ ಜನರೇಟರ್ ಸದ್ದು ಕೇಳುತ್ತಾ ಕೂರುವುದು ಯಾರಿಗೂ ಬೇಡ ಅಲ್ವಾ?

ಪೆಟ್ಟಿಗೆ ಫ್ರೀಜರ್‌ಗೆ ಈ ಯಾವ ತಾಪತ್ರಯವೂ ಇಲ್ಲ. ಅದರಲ್ಲಿ ಸಣ್ಣ ಕಂಪ್ರೆಸರ್ ಇದೆ, ಗಾಡಿ ವಾಲಿದರೂ ಓಡುತ್ತದೆ, ಏರಿನಲ್ಲೂ ಓಡುತ್ತದೆ. ಛಾವಣಿಯಲ್ಲಿ 200 ವಾಟ್ ಸೋಲಾರ್, ಒಳಗೆ 100 ಆಂಪ್ ಅವರ್ ಲಿಥಿಯಂ ಬ್ಯಾಟರಿ ಮೊದಲೇ ಇತ್ತು. ಮೈನಸ್ 18 ಡಿಗ್ರಿಗೆ ಇಟ್ಟರೆ ದಿನಕ್ಕೆ ಸುಮಾರು 35 ಆಂಪ್ ಅವರ್ ಹೋಗುತ್ತದೆ, ಬಿಸಿಲಿದ್ದ ದಿನ ಸಂಜೆಯೊಳಗೆ ಅಷ್ಟೂ ವಾಪಸ್. ಮನೆಯಲ್ಲೇ ಐದು ಸೆಂಟಿಮೀಟರ್‌ನ ಸಿಲಿಕಾನ್ ಅಚ್ಚಿನಲ್ಲಿ ಐಸ್ ಮಾಡಿ, ಬಿಡಿಸಿ, ಜಿಪ್ ಚೀಲಕ್ಕೆ ಹಾಕಿಕೊಂಡು ಹೊರಡುತ್ತೇನೆ. ಅವರಿಗೆ ದೊಡ್ಡ ತುಂಡು ಒಂದು, ನನ್ನ ಶೇಕರ್‌ಗೆ ಸಣ್ಣವು ಒಂದು ಹಿಡಿ. ಎಂಟು ದಿನದ ಟ್ರಿಪ್‌ನಲ್ಲಿ ಕೊನೆಯ ಸಂಜೆಗೂ ಉಳಿದಿತ್ತು.

ಇದರಲ್ಲೂ ಕೊರತೆ ಇದೆ. ಊಟದ ಟೇಬಲ್ ಕೆಳಗೆ ಕಾಲು ಚಾಚುವ ಜಾಗ ಹೋಯಿತು. ರಾತ್ರಿ ಸಣ್ಣಗೆ ಗುಂಯ್ ಅನ್ನುತ್ತದೆ, ನಿದ್ದೆ ಸೂಕ್ಷ್ಮ ಇರುವವರಿಗೆ ಕಷ್ಟ. ಒಂದೇ ಖಾನೆ, ಹಾಗಾಗಿ ಲಿಂಬೆಹಣ್ಣು ಮರೆತು ಅದರಲ್ಲಿಟ್ಟರೆ ಕಲ್ಲಾಗುತ್ತದೆ.

ನೀವು ಯಾವಾಗಲೂ ಕರೆಂಟ್ ಇರುವ, ಸಮತಟ್ಟಾದ ಜಾಗದಲ್ಲೇ ನಿಲ್ಲಿಸುವವರಾದರೆ, ಹತ್ತು ಜನ ಸೇರಿ ಜ್ಯೂಸ್, ಸೋಡಾ ಕುಡಿಯುವವರಾದರೆ ಮೆಷಿನ್ ಸಾಕು, ದುಡ್ಡೂ ಉಳಿಯುತ್ತದೆ. ಸೋಲಾರ್, ಬ್ಯಾಟರಿ ಎರಡೂ ಇಲ್ಲ, ವರ್ಷಕ್ಕೆ ಒಂದೇ ಸಲ ಹೋಗುವುದು ಅಂದರೆ ಸುಮ್ನೆ ಐಸ್ ಚೀಲ ತಗೊಳ್ಳಿ. ನಮ್ಮ ಹಾಗೆ ಇಬ್ಬರೇ, ಊರಿಂದ ದೂರ, ಮಣ್ಣು ನೆಲದಲ್ಲಿ ನಿಲ್ಲಿಸುವವರಿಗೆ ಪೆಟ್ಟಿಗೆಯೇ ಸರಿ.

ತಗೊಂಡರೆ ಒಂದು ಗಮನದಲ್ಲಿರಲಿ. ಮೈನಸ್ 18ರ ಐಸ್ ತೆಗೆದ ಕೂಡಲೇ ವಿಸ್ಕಿ ಸುರಿದರೆ ಚಟ್ ಅಂತ ಬಿರುಕು ಬಿಡುತ್ತದೆ. ಖಾಲಿ ಗ್ಲಾಸ್‌ನಲ್ಲಿ ಒಂದೆರಡು ನಿಮಿಷ ಬಿಡಿ. ಮೇಲಿನ ಬಿಳಿ ಪುಡಿ ಹೋಗಿ ಮೈ ಹೊಳೆಯಲು ಶುರುವಾಗುತ್ತದೆ. ಆಗ ಸುರಿಯಿರಿ.